ಒಂದು ಉದ್ಧರಣೆ ನೀರು

ಆದೋನಿ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಮೊದಲೇ ಹತ್ತಿಕಾಳಿನ ಎಣ್ಣೆಯ ವಾಸನೆ ಡಬ್ಬಿಯೊಳಗೆ ಬಂತು. ಗಿರಣಿಗಳು ಎಷ್ಟೋ ಮುಚ್ಚಿವೆ ಎಂದು ಕೇಳಿದ್ದೆ. ವಾಸನೆ ಮಾತ್ರ ಹಾಗೇ ಇತ್ತು, ಹಸಿ ಹತ್ತಿಯ ಧೂಳು, ಬಿಸಿ ಹಿಂಡಿ, ಜಿಡ್ಡು ಎಲ್ಲ ಸೇರಿದ ಒಂದು ದಪ್ಪ ವಾಸನೆ. ಎದುರಿಗೆ ಕೂತಿದ್ದ ನನ್ನ ಹೆಂಡತಿ ರಮಾ ಕಿಟಕಿ ಇಳಿಸಿದಳು. ಸಂಬಂಧಿಕರ ಮನೆಯ ಮುಂಜಿವೆಗೆ ಬಂದವರು ನಾವು. ಆ ವಾಸನೆ ಬರುವವರೆಗೆ ಇಬ್ಬರೂ ಬೇರೆ ಏನೋ ಮಾತಾಡುತ್ತಿದ್ದೆವು.

"ಇನ್ನೂ ಹೊಟ್ಟಿ ತೊಳಸ್ತದ ನೋಡ್ರಿ," ಎಂದಳು. ನಗುತ್ತಿದ್ದಳು.

ಮುಖ್ಯ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕು, ಓದುಗನನ್ನು ಕಾಯಿಸಬಾರದು ಎಂದು ಪತ್ರಿಕೆಯ ಕೆಲಸ ನನಗೆ ಕಲಿಸಿದೆ. ಆದ್ದರಿಂದ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ನಡುವಿನ ಒಂದು ವರ್ಷ ರಮಾಗೆ ಸ್ತನದ ಕ್ಯಾನ್ಸರ್ ಆಯಿತು. ಆಕೆ ಇವತ್ತಿಗೂ ಇದ್ದಾಳೆ. ನಾನು ಬರೆಯಹೊರಟಿರುವುದು ಆ ವರ್ಷದ ಮುಂಗಾರಿನಿಂದ ಧನುರ್ಮಾಸದವರೆಗೆ ಆಕೆ ಆರು ಸುತ್ತಿನ ಔಷಧಿಯನ್ನು ಮುಗಿಸಿದ್ದು ಹೇಗೆ ಎಂಬುದನ್ನು. ಮುಗಿಯುವುದಿಲ್ಲ ಎಂದೇ ನಮ್ಮ ಓಣಿಯವರೆಲ್ಲ ನಂಬಿದ್ದರು. ಒಂದೆರಡು ಸಲ ನಾನೂ ನಂಬಿದ್ದೆ.

ಆಗ ನಾನು ಗಡಿಯಾಚೆಯಿಂದ ಬರುವ ಒಂದು ಕನ್ನಡ ಪತ್ರಿಕೆಗೆ ಆದೋನಿಯ ವರದಿಗಾರ. ಹತ್ತಿ ಮತ್ತು ಶೇಂಗಾದ ಧಾರಣೆ, ಹೊಳಗುಂದ ಕಡೆಯ ಕನ್ನಡ ಶಾಲೆಗಳ ತಕರಾರು, ಮಳೆಯ ಸುದ್ದಿ ಬರೆದು, ಲಕೋಟೆಯನ್ನು ಬಳ್ಳಾರಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಅವತ್ತಿನ ಕೆಲಸ ಮುಗಿಯಿತು. ಲಕೋಟೆ ಅಂಟಿಸುವ ಮೊದಲು ರಮಾ ಓದುತ್ತಿದ್ದಳು. ಹೊಳಗುಂದದ ಮೇಷ್ಟ್ರ ಮಗಳು. ನನ್ನ ವಾಕ್ಯಗಳಲ್ಲಿ ಹೆಚ್ಚಾದ ಪದವನ್ನು ಅಕ್ಕಿಯಲ್ಲಿನ ಕಲ್ಲಿನ ಹಾಗೆ ಆರಿಸಿ ತೆಗೆಯುತ್ತಿದ್ದಳು. ಮಠದ ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅವ್ವ. ಮಗಳನ್ನು ಆ ವರ್ಷ ಹೊಳಗುಂದದ ಅಜ್ಜನ ಮನೆಯಲ್ಲಿ ಬಿಟ್ಟಿದ್ದೆವು.

ಅವ್ವನ ಬಗ್ಗೆ ಇಲ್ಲೇ ಹೇಳಬೇಕು. ಅಪ್ಪ ಹೋದಾಗಿನಿಂದ ಆಕೆ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವಳು. ನಮ್ಮ ಮಾಧ್ವರ ಮನೆಗಳಲ್ಲಿ ಆ ತಲೆಮಾರಿನ ವಿಧವೆಯರು ಹಾಗೇ ಇರುತ್ತಿದ್ದರು. ಅವ್ವನ ಮಡಿ ಓಣಿಗೆಲ್ಲ ಗೊತ್ತಿತ್ತು. ಏಕಾದಶಿಯ ದಿನ ಆಕೆಯ ಗಂಟಲಲ್ಲಿ ನೀರು ಕೂಡ ಇಳಿಯುತ್ತಿರಲಿಲ್ಲ. ಅಪ್ಪನ ನಂತರ ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಅಡುಗೆಮನೆ, ದೇವರ ಮನೆ, ಹಿತ್ತಲು, ಅಷ್ಟೇ ಆಕೆಯ ಊರು.

ಬೇಸಿಗೆಯಲ್ಲಿ ರಮಾಳ ಎಡಗಡೆಯ ಮೊಲೆಯನ್ನು ತೆಗೆದರು. ಅದಾದ ಮೇಲೆ ಕರ್ನೂಲಿನಲ್ಲಿ ಒಬ್ಬ ಡಾಕ್ಟರಮ್ಮ ಔಷಧಿ ಶುರುಮಾಡಿದರು. ಒಂದೊಂದು ಸುತ್ತಿಗೆ ಎರಡು ಇಂಜೆಕ್ಷನ್, ಹದಿನಾಲ್ಕು ದಿನ ಮಾತ್ರೆ, ಆಮೇಲೆ ಅಷ್ಟೇ ದಿನ ಬಿಡುವು. ಹೀಗೆ ಆರು ಸುತ್ತು. ಗಂಟಿನ ಬೇರು ಮೈಯಲ್ಲಿ ಎಲ್ಲಾದರೂ ಉಳಿದಿದ್ದರೆ ಸುಡಬೇಕು, ಅರ್ಧಕ್ಕೆ ನಿಲ್ಲಿಸಬಾರದು ಎಂದರು. ಬಾಗಿಲವರೆಗೆ ಬಂದು ತೆಲುಗಿನಲ್ಲಿ ಮತ್ತೊಂದು ಮಾತು ಹೇಳಿದರು: "ಬಿಂದೆಡು ನೀಳ್ಳು ತಾಗಾಲಮ್ಮಾ." ಒಂದು ಕೊಡದಷ್ಟು ನೀರು ಕುಡಿಯಬೇಕಮ್ಮಾ ಎಂದು. ನಾವಿಬ್ಬರೂ ತಲೆ ಆಡಿಸಿದೆವು. ಬಿಸಿಲಿನ ಊರು, ನೀರು ಕುಡಿಯುವುದೇನು ಹೇಳಿಸಿಕೊಳ್ಳಬೇಕಾದ ವಿಷಯವೇ ಎಂದುಕೊಂಡೆವು.

ಮೊದಲ ಸುತ್ತಿನ ಮಾತ್ರೆ ಜ್ಯೇಷ್ಠದ ಏಕಾದಶಿ ಕಳೆದ ಮರುದಿನ ಶುರುವಾಗಿ, ಮುಂದಿನದು ಬರುವುದರೊಳಗೆ ಮುಗಿಯಿತು. ವಾಂತಿ ಇತ್ತು. ಕರ್ನೂಲಿನಿಂದ ಬರುವಾಗ ಎಮ್ಮಿಗನೂರು ದಾಟುವ ಮೊದಲೇ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕುತ್ತಿದ್ದಳು. ಊರಿಗೆ ಬಂದರೆ ಗಿರಣಿಯ ವಾಸನೆ. ಗಾಳಿ ಸ್ಟೇಷನ್ನಿನ ಕಡೆಯಿಂದ ಬೀಸಿದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು, ಮೂಗಿನ ಹತ್ತಿರ ನಿಂಬೆಹಣ್ಣು. ಮಾತ್ರೆಯ ಡಬ್ಬಿಯನ್ನು ಬಿಸಿ ತಾಕಬಾರದೆಂದು ನೀರಿನ ಮಣ್ಣಿನ ಗಡಿಗೆಯ ಪಕ್ಕದಲ್ಲೇ ಇಟ್ಟಿದ್ದೆವು. ಮುಂದೆ ಆದದ್ದನ್ನು ನೆನೆದರೆ ಆ ಜಾಗ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ಸುತ್ತು ಶುರುವಾಗಿ ಒಂದೆರಡು ದಿನಕ್ಕೆ ಆಷಾಢದ ಏಕಾದಶಿ ಬಂತು. ಚಾತುರ್ಮಾಸ್ಯ ಹಿಡಿಯುವ ದಿನ. ಮಠದಲ್ಲಿ ಬೆಳಗಿನಿಂದ ತೋಳಿಗೆ ಕಾಸಿದ ಮುದ್ರೆ ಹಾಕಿಸಿಕೊಳ್ಳುವವರ ಸಾಲು. ಅವತ್ತು ನಮ್ಮ ಓಣಿಯಲ್ಲಿ ಒಲೆ ಹತ್ತುವುದಿಲ್ಲ. ರಮಾ ಹಿಂದಿನ ದಿನವೇ ಕೇಳಿದ್ದಳು: ಮಾತ್ರೆ ತಗೊಂಡರೆ ಉಪವಾಸ ಮುರಿಯುತ್ತದೋ ಇಲ್ಲವೋ. ಪಕ್ಕದ ಮನೆಯ ಗುಂಡಾಚಾರ್ರು ನಮ್ಮ ಓಣಿಯ ಪುರೋಹಿತರು, ತಿಳಿದವರು. ಯೋಚಿಸಿ, ಔಷಧಿಗೆ ದೋಷವಿಲ್ಲ ಎಂದರು. ಮಾತ್ರೆ ತಗೊಳ್ಳಬಹುದು, ಅದರ ಹಿಂದೆ ನೀರು ಮಾತ್ರ ಬೇಡ. ಗಂಟಲಲ್ಲಿ ಇಳಿಯದಿದ್ದರೆ ಒಂದು ಉದ್ಧರಣೆ ತೀರ್ಥದಲ್ಲಿ ನುಂಗಬಹುದು. ಉದ್ಧರಣೆ ಎಂದರೆ ತೀರ್ಥ ಹಾಕುವ ತಾಮ್ರದ ಪುಟ್ಟ ಚಮಚ.

ಎಲ್ಲರಿಗೂ ಒಪ್ಪಿಗೆಯಾಯಿತು. ಡಾಕ್ಟರ ಮಾತೂ ಉಳಿಯಿತು, ದೇವರ ಮಾತೂ ಉಳಿಯಿತು. ನಾನೂ ಮೆಚ್ಚಿಕೊಂಡೆ; ಎರಡು ಕಡೆಯವರನ್ನೂ ಸಮಾಧಾನಪಡಿಸುವ ಸಂಧಾನವೊಂದನ್ನು ವರದಿ ಮಾಡಿದಷ್ಟು ಸಂತೋಷವಾಗಿತ್ತು. ಹಿಂದಿನ ದಿನದ ಇಂಜೆಕ್ಷನ್ನಿನ ವಾಂತಿಯಿಂದ ಮೈಯಲ್ಲಿ ಇದ್ದ ನೀರೆಲ್ಲ ಹೋಗಿತ್ತು. ರಮಾ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದಳು, ಒಂದೊಂದು ಸಲಕ್ಕೆ ಒಂದೊಂದು ಉದ್ಧರಣೆ.

ದ್ವಾದಶಿಯ ಪಾರಣೆಗೆ ಎಲೆಯ ಮುಂದೆ ಕೂತವಳು ಎದ್ದುಹೋದಳು. ಹಿತ್ತಲಿನಿಂದ ಬಂದು ಬಾಗಿಲು ಹಿಡಿದುಕೊಂಡು ನಿಂತಳು. ಮೂತ್ರ ಕೆಂಪಗೆ ಹೋಗುತ್ತಿತ್ತು.

ಕರ್ನೂಲಿನಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು ನೀರಿನ ಬಗ್ಗೆ. ಎಷ್ಟು ಕುಡಿದೆ ಎಂದರು. ರಮಾ, ಒಂದು ಉದ್ಧರಣೆ ಎಂದಳು. ಅವರಿಗೆ ಆ ಪದ ಗೊತ್ತಿರಲಿಲ್ಲ. ಹಾಗೆಂದರೆ ಎಷ್ಟು? ರಮಾ ಬಲಗೈ ಚಾಚಿ, ಬೆರಳು ಮಡಚಿ, ತೀರ್ಥಕ್ಕೆ ಹಿಡಿಯುವ ಹಾಗೆ ಅಂಗೈಯಲ್ಲಿ ಸಣ್ಣ ಕುಳಿ ಮಾಡಿ ತೋರಿಸಿದಳು. ಡಾಕ್ಟರಮ್ಮ ಆ ಕುಳಿಯನ್ನು ನೋಡುತ್ತ ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಪೆನ್ನು ಕೆಳಗಿಟ್ಟು ನಿಧಾನವಾಗಿ ವಿವರಿಸಿದರು: ಈ ಮಾತ್ರೆ ಮೈಯಿಂದ ಹೊರಗೆ ಹೋಗುವಾಗ ಮೂತ್ರದ ಚೀಲದಲ್ಲಿ ನಿಲ್ಲುತ್ತದೆ. ನಿಂತ ಕಡೆ ಸುಡುತ್ತದೆ. ನೀರು ಅದನ್ನು ನಿಲ್ಲಲು ಬಿಡದೆ ತೊಳೆದುಕೊಂಡು ಹೋಗಬೇಕು.

ಔಷಧಿ ನಿಂತಿತು. ಮೂರು ವಾರ ಕಾಯಬೇಕು ಎಂದರು. ಇನ್ನೊಮ್ಮೆ ಹೀಗಾದರೆ ಮುಂದುವರಿಸುವುದಿಲ್ಲ, ಬಿಟ್ಟು ಬಿಟ್ಟು ಕೊಡುವ ಔಷಧಿಯಿಂದ ರೋಗಕ್ಕಿಂತ ಮೈಗೇ ಪೆಟ್ಟು ಹೆಚ್ಚು ಎಂದರು.

ವಾಪಸು ಬರುವಾಗ ರಮಾ ಎಮ್ಮಿಗನೂರಿನಲ್ಲಿ ಬಸ್ಸು ನಿಂತಾಗ ಇಳಿದು ಹೋಟೆಲಿನ ಮುಂದಿನ ಗಡಿಗೆಯಿಂದ ನೀರು ಕುಡಿದಳು. ಒಂದು ಲೋಟ, ಎರಡು, ಮೂರು. ಬೇರೆಯವರ ಗಡಿಗೆಯ ನೀರನ್ನು ಆಕೆ ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಹತ್ತಿ ಬಂದು ಕೂತು ಹೇಳಿದಳು: "ಎರಡೂ ಉಳಿಸ್ಲಿಕ್ಕೆ ಹೋದ್ವಿ. ಇನ್ನ ಮ್ಯಾಲೆ ನಾ ಒಂದನ್ನ ಉಳಿಸ್ತೀನಿ."

ಆ ಮೂರು ವಾರ ಮನೆಗೆ ಬಂದವರೆಲ್ಲ ಒಂದೇ ಮಾತು ತಂದರು. ಕೌತಾಳದಿಂದ ಬಂದ ನನ್ನ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ, ಕೊಯ್ದು ತೆಗೆಸಿದ್ದು ಸಾಕು, ಇದು ಔಷಧಿಯಲ್ಲ ವಿಷ, ನಿಲ್ಲಿಸಿ ದೇವರ ಮೇಲೆ ಭಾರ ಹಾಕು ಎಂದು ನನಗೆ ಹೇಳಿದರು. ರಮಾ ಹೊಸ್ತಿಲಿಗೆ ಬಂದಳು.

"ವಿಷ ಅಂತ ನನಗೂ ಗೊತ್ತದ, ಮಾಂವನವರ. ಅದಕ್ಕೂ ವಿಷ, ನನಗೂ ವಿಷ. ಇಬ್ಬರಾಗ ಯಾರು ಮೊದಲ ಸೋಲ್ತೀವಿ ನೋಡ್ತೀನಿ."

ದೊಡ್ಡಪ್ಪ ಚಹಾ ಕುಡಿಯದೆ ಎದ್ದುಹೋದರು.

ಮುಂದಿನ ಪಕ್ಷದ ಏಕಾದಶಿಯ ದಿನ ಒಂದು ಸಂಗತಿ ನಡೆಯಿತು. ಅವ್ವ ಬೆಳಿಗ್ಗೆ ಎದ್ದು, ಅಡುಗೆಮನೆಯ ಮೂಲೆಯಲ್ಲಿದ್ದ ಗಡಿಗೆಯನ್ನು ತಾನೇ ಎತ್ತಿ ತಂದು ನಡುಮನೆಯಲ್ಲಿ ರಮಾಳ ಹಾಸಿಗೆಯ ಹತ್ತಿರ ಇಟ್ಟಳು. ಮೇಲೆ ತಟ್ಟೆ, ತಟ್ಟೆಯ ಮೇಲೆ ಲೋಟ. ಏಕಾದಶಿಗೆ ನೀರು ಕುಡಿಯುವವಳು ಮಡಿಯ ಅಡುಗೆಮನೆಗೆ ಬರಬಾರದೆಂದು ಇಟ್ಟಳೋ, ಸೊಸೆಯ ಕೈಗೆ ಎಟುಕಲಿ ಎಂದು ಇಟ್ಟಳೋ ನನಗೆ ತಿಳಿಯಲಿಲ್ಲ. ಕಂಡದ್ದನ್ನಷ್ಟೇ ಬರೆಯುವುದು ರೂಢಿ. ಗಡಿಗೆ ಜಾಗ ಬದಲಿಸಿತು ಎಂಬುದು ಕಂಡದ್ದು. ರಮಾ ಕುಡಿದಳು. ಅವ್ವ ಒಣ ಬಾಯಲ್ಲಿ ಜಪಕ್ಕೆ ಕೂತಳು.

ಔಷಧಿ ಮತ್ತೆ ಶುರುವಾಗುವ ಹೊತ್ತಿಗೆ ಶ್ರಾವಣ. ಕೂದಲು ಹೋಗತೊಡಗಿತು. ಬಾಚಣಿಗೆಗೆ, ದಿಂಬಿಗೆ, ಅನ್ನಕ್ಕೆ. ಒಂದು ಕಡೆ ಗೊಂಚಲು, ಒಂದು ಕಡೆ ಬಯಲು. ಸೆರಗು ಹೊದ್ದು ಓಡಾಡಿದಳು. ಹೀಗೆ ಅರ್ಧಂಬರ್ಧ ಉದುರುವುದೇ ಆಕೆಗೆ ಹೆಚ್ಚು ಸಿಟ್ಟು ತರಿಸಿತು. ಹೋಗುವುದಿದ್ದರೆ ಒಂದೇ ಸಲ ಹೋಗಬಾರದೇನು ಎನ್ನುತ್ತಿದ್ದಳು.

ತಿಂಗಳಿಗೊಮ್ಮೆ ಅವ್ವನ ತಲೆ ಬೋಳಿಸಲು ನಾಗಪ್ಪ ಹಿತ್ತಲಿಗೆ ಬರುತ್ತಿದ್ದ. ವಯಸ್ಸಾದವನು, ಅವ್ವನ ಜತೆ ಬಿಟ್ಟರೆ ನಮ್ಮ ಮನೆಯಲ್ಲಿ ಯಾರ ಜತೆಗೂ ಅವನಿಗೆ ಮಾತಿಲ್ಲ. ಆವತ್ತು ಅವ್ವನ ಕ್ಷೌರ ಮುಗಿದು ಆಕೆ ಏಳುತ್ತಲೇ, ಅದೇ ಮಣೆಯ ಮೇಲೆ ರಮಾ ಹೋಗಿ ಕೂತಳು. ಸೆರಗು ತೆಗೆದಳು.

ನಾಗಪ್ಪ ಕತ್ತಿ ಒರೆಸುತ್ತಿದ್ದವನು ನಿಲ್ಲಿಸಿದ. ಮುತ್ತೈದೆಯ ತಲೆಗೆ ಅವನ ಕೈ ಎಂದೂ ತಾಕಿರಲಿಲ್ಲ. "ನನ್ನ ಕೈಲೆ ಆಗಂಗಿಲ್ರಿ ಅವ್ವಾರ. ಯಜಮಾನ್ರು ಅದಾರ."

"ಅದಾರ ಅಂತನ ಹೇಳೂದು. ಅಕಾ ಪಡಸಾಲ್ಯಾಗ ಕೂತು ಪೇಪರ್ ಓದ್ಲಿಕ್ಕೆ ಹತ್ಯಾರ ನೋಡು. ಸತ್ತವರು ಪೇಪರ್ ಓದ್ತಾರೇನು?"

ನಾಗಪ್ಪ ತಿರುಗಿ ನನ್ನನ್ನು ನೋಡಿದ. ನಾನು ಪೇಪರು ಮಡಚಿದೆ. ಯಜಮಾನರು ಬಂದು ಪಕ್ಕದಲ್ಲಿ ನಿಂತರೆ ಮಾಡುತ್ತೇನೆ ಎಂದ. ಹೋಗಿ ನಿಂತೆ. ನಾನು ಬದುಕಿದ್ದೇನೆ ಎಂಬುದಕ್ಕೆ ನಾನೇ ಸಾಕ್ಷಿಯಾಗಿ ನಿಂತದ್ದು ಜೀವನದಲ್ಲಿ ಅದೊಂದೇ ಸಲ. ರಮಾ ನೆಟ್ಟಗೆ ಕೂತು ಎದುರಿನ ತುಳಸಿಕಟ್ಟೆಯನ್ನು ನೋಡುತ್ತಿದ್ದಳು. ಅವ್ವ ಬಾವಿಯ ಹತ್ತಿರ ನಿಂತಿದ್ದಳು, ಒದ್ದೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದನ್ನೂ ಮರೆತು. ಎರಡು ಬೋಳು ತಲೆಗಳು ಒಂದನ್ನೊಂದು ನೋಡಿದವು. ಅವ್ವ ಒಳಗೆ ಹೋದಳು. ಅವತ್ತು ಊಟ ಮಾಡಲಿಲ್ಲ. ಕೇಳಿದರೆ ಹಸಿವಿಲ್ಲ ಎಂದಳು.

ಆಮೇಲೆ ರಮಾ ಸೆರಗು ಹೊದೆಯುವುದನ್ನೇ ಬಿಟ್ಟಳು. ಹಣೆಯ ಮೇಲೆ ಮೊದಲಿಗಿಂತ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ, ಬೋಳು ತಲೆ. ಓಣಿಯಲ್ಲಿ ಯಾರಿಗೂ ಇದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಂಜಾನೆ ಶುಭಕೆಲಸಕ್ಕೆ ಹೊರಟವರು ಆಕೆಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಕುಂಕುಮ ಕಂಡು ಮತ್ತೆ ಮುಂದೆ ಬರುತ್ತಿದ್ದರು. ಹಾಗೇ ನನ್ನನ್ನು ನೋಡುತ್ತಿದ್ದರು. ನನ್ನ ನಿಧನವಾರ್ತೆ ನನಗಿಂತ ಮೊದಲು ಓಣಿಗೆ ತಲುಪಿದಂತಿತ್ತು.

ಶ್ರಾವಣ ಶುಕ್ರವಾರಗಳಲ್ಲಿ ನಮ್ಮಲ್ಲಿ ಮನೆಮನೆಗೆ ಮುತ್ತೈದೆಯರನ್ನು ಅರಿಷಿಣ ಕುಂಕುಮಕ್ಕೆ ಕರೆಯುತ್ತಾರೆ. ಹಿಂದಿನ ವರ್ಷದವರೆಗೆ ರಮಾ ಸಂಜೆ ಪೂರ್ತಿ ಅಲೆಯುತ್ತಿದ್ದಳು. ಆ ವರ್ಷ ಯಾರೂ ಬೇಡ ಎನ್ನಲಿಲ್ಲ. ಕರೆಯಲು ಬಂದವರು ನಮ್ಮ ಎಡಗಡೆಯ ಮನೆಗೆ ಹೋದರು, ಬಲಗಡೆಯ ಮನೆಗೆ ಹೋದರು. ಬಲಗಡೆಯದು ಗುಂಡಾಚಾರ್ರ ಮನೆ. ಅವರ ಹೆಂಡತಿ ಒಮ್ಮೆ ಎದುರಿಗೇ ಸಿಕ್ಕು, ಮೈಗೆ ಹುಷಾರಿಲ್ಲದವರಿಗೆ ಯಾಕೆ ತೊಂದರೆ ಕೊಡುವುದು ಎಂದು ಕರೆಯಲಿಲ್ಲ ಎಂದರು. ಏನಾಗಿದೆ ಎಂದು ಪಿಸುಗುಟ್ಟಿ ಕೇಳಿದರು, ಓಣಿಗೆಲ್ಲ ಗೊತ್ತಿದ್ದರೂ. ಆ ರೋಗ ಎನ್ನುತ್ತಿದ್ದರು ಜನ, ಗಂಟು ಎನ್ನುತ್ತಿದ್ದರು, ಹೆಸರು ಹಿಡಿಯುತ್ತಿರಲಿಲ್ಲ.

"ಕ್ಯಾನ್ಸರ್," ಎಂದಳು ರಮಾ, ಎದುರುಮನೆಯವರೂ ತಿರುಗಿ ನೋಡುವ ಹಾಗೆ. "ಒಂದು ಮೊಲಿ ತಗದಾರ. ಕೂದಲ ಔಷಧಕ್ಕ ಹೋಗ್ಯದ. ಇವರು ಗಟ್ಟ್ಯಾಗಿದ್ದಾರ."

ಬಾಗಿಲು ಹಾಕಿಕೊಂಡ ಮೇಲೆ ಅತ್ತಳು. ಇದನ್ನು ಬರೆಯಬೇಡಿ ಎಂದಿದ್ದಾಳೆ. ನಡೆದದ್ದು, ಬರೆಯುತ್ತೇನೆ.

ಶ್ರಾವಣದ ನಡುವಿನಿಂದ ಚಾತುರ್ಮಾಸ್ಯದ ಎರಡನೆಯ ತಿಂಗಳು, ಮೊಸರು ಬಿಡುವ ವ್ರತ. ಅದೇ ಹೊತ್ತಿಗೆ ಆಕೆಯ ಬಾಯಿ ಹುಣ್ಣಾಯಿತು. ನಾಲಗೆ, ಕೆನ್ನೆಯ ಒಳಗೆ, ಗಂಟಲವರೆಗೆ. ಜೋಳದ ರೊಟ್ಟಿ ಗಾಜಿನ ಚೂರಿನ ಹಾಗೆ ಚುಚ್ಚುತ್ತಿತ್ತು. ಇಳಿಯುತ್ತಿದ್ದದ್ದು ತಣ್ಣಗಿನ ಮೊಸರನ್ನ ಒಂದೇ. ನಮ್ಮ ಓಣಿಗೆ ಮೊಸರು ತರುತ್ತಿದ್ದವಳು ಈರಮ್ಮ, ಕೌತಾಳದ ಕಡೆಯ ಕುರುಬರವಳು, ಮೊದಲ ಬಸ್ಸಿಗೆ ಗಡಿಗೆ ಹೊತ್ತು ಬರುತ್ತಿದ್ದಳು. ವ್ರತದ ತಿಂಗಳು ಅವಳು ಬರುತ್ತಿರಲಿಲ್ಲ, ಕೊಳ್ಳುವವರೇ ಇರುವುದಿಲ್ಲ. ವ್ರತಕ್ಕೆ ಮುಂಚಿನ ಕೊನೆಯ ದಿನ ರಮಾ ಅವಳನ್ನು ತಡೆದು, ಈ ತಿಂಗಳೂ ಬಾ ಎಂದಳು.

"ನಿನಗೊಬ್ಬಾಕಿಗೆ ಅಂತ ನಾ ಬಸ್ ಹತ್ತಿ ಬರ್ಬೇಕೇನವಾ? ನಿಮ್ಮ ಆಚಾರ್ರು ನನ್ನ ಗಡಗಿ ನೋಡಿದ್ರ ಓಡಿಸ್ಯಾರು."

"ನನ್ನ ನೋಡಿದ್ರನೂ ಓಡ್ತಾರ. ಇಬ್ರೂ ಕೂಡಿ ಓಡ್ಸೋಣು, ಬಾ."

ಈರಮ್ಮ ನಕ್ಕಳು. ಬೋಳು ತಲೆಯನ್ನು ಮುಚ್ಚುಮರೆಯಿಲ್ಲದೆ ನೋಡಿದ ಮೊದಲ ಹೆಂಗಸು ಅವಳೇ. ಕುರಿ ಕತ್ತರಿಸಿದ ಮೇಲೆ ನೋಡಬೇಕು, ಎಂಥ ಬಡಕಲು ಪ್ರಾಣಿ ಅನಿಸುತ್ತದೆ, ನೀನೂ ಹಾಗೇ ಕಾಣುತ್ತಿ ಎಂದಳು. "ಮತ್ತ ಬರತೈತಿ ಬಿಡು. ಕುರಿಗೇ ಬರತೈತಿ, ನಿನಗ್ಯಾಕ ಬರಂಗಿಲ್ಲ?" ತಿಂಗಳು ಪೂರ್ತಿ ಬಂದಳು. ಮಠದ ಓಣಿಯಲ್ಲಿ ಮೊಸರಿನ ಗಡಿಗೆ ಹೊತ್ತು ಬೇಕೆಂದೇ ನಡುದಾರಿಯಲ್ಲಿ ನಡೆದು, ಬೇಕೆಂದೇ ಗಟ್ಟಿಯಾಗಿ ಕೂಗುತ್ತ. ಅವ್ವ ಆ ತಿಂಗಳು ಮೊಸರನ್ನು ಕಣ್ಣೆತ್ತಿ ನೋಡಲಿಲ್ಲ. ಆದರೆ ರಮಾಗೆ ಅನ್ನವನ್ನು ಮೆತ್ತಗೆ ಮಾಡಿ, ಆರಿಸಿ, ಮುಚ್ಚಿಡುತ್ತಿದ್ದವಳು ಆಕೆಯೇ.

ಮಹಾಲಯದ ಹೊತ್ತಿಗೆ ಮತ್ತೊಂದು ತಡೆ. ಕರ್ನೂಲಿಗೆ ಹೋದರೆ ರಕ್ತ ಪರೀಕ್ಷೆ ಮಾಡಿ ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. ಬಿಳಿ ಕಣ ಇಳಿದಿದೆ, ಈಗ ಇಂಜೆಕ್ಷನ್ ಕೊಟ್ಟರೆ ಸಣ್ಣ ಜ್ವರವೂ ಕೊಂಡೊಯ್ಯುತ್ತದೆ. ಬರಿಗೈಯಲ್ಲಿ ವಾಪಸು. ಮುಂದಿನ ವಾರ ಮತ್ತೆ ಹೋದೆವು, ಮತ್ತೆ ವಾಪಸು. ರಮಾ ಮನೆಗೆ ಬಂದು ತಟ್ಟೆಯ ಮುಂದೆ ಕೂತು, ಬಾಯಿಂದ ರಕ್ತ ಬಂದರೂ ಬಿಡದೆ ಉಣ್ಣುತ್ತಿದ್ದಳು. ಆಕೆ ಅನ್ನದ ಮೇಲೆ ಅಷ್ಟು ಹಗೆಯಿಂದ ಕೈ ಹಾಕಿದ್ದನ್ನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಮೂರನೆಯ ಸಲ ಹೊರಟ ದಿನ ಹಿಂದಿನ ಸಂಜೆಯಿಂದ ಮಳೆ. ಎಮ್ಮಿಗನೂರು ದಾಟಿ ಸ್ವಲ್ಪ ಹೋದ ಮೇಲೆ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ನೋಡಿ ಬಂದು, "ವಂಕ ವಚ್ಚಿಂದಿ," ಎಂದ. ಹಳ್ಳ ಬಂದಿತ್ತು. ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಬಸ್ಸು ತಿರುಗಿಸಿದರು. ಎಲ್ಲರೂ ಕೂತರು, ರಮಾ ಇಳಿದಳು. ವಿಧಿಯಿಲ್ಲದೆ ನಾನೂ ಇಳಿದೆ. ನೀರು ಇಳಿಯಲೇಬೇಕು, ಇಳಿದಾಗ ಆಚೆ ಹೋದರಾಯಿತು ಎಂದು ಮೈಲುಗಲ್ಲಿನ ಮೇಲೆ ಕೂತಳು. ಛತ್ರಿ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಈ ವಾರವೂ ತಪ್ಪಿದರೆ ಡಾಕ್ಟರಮ್ಮ ಕೈ ಬಿಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ನೀರು ತುಸು ತಗ್ಗಿತು. ಆಗ ಬಂದ ಒಂದೇ ವಾಹನ ಆದೋನಿಯ ಲಾರಿ. ತುಂಬಿದ್ದು ಹತ್ತಿಕಾಳಿನ ಎಣ್ಣೆಯ ಡಬ್ಬಿಗಳು. ಡ್ರೈವರ್ ಸಾಬರು ಬಾಗಿಲು ತೆರೆದು, "ಬೈಠೋ ಅಮ್ಮಾ," ಎಂದರು. ವಾಸನೆ ಹೊರಗೆ ಬಂದು ಮುಖಕ್ಕೆ ಹೊಡೆಯಿತು. ರಮಾ ಒಮ್ಮೆ ನನ್ನ ಕಡೆ ನೋಡಿ ಹತ್ತಿದಳು. ಕರ್ನೂಲಿನವರೆಗೆ ಕಿಟಕಿಗೆ ತಲೆ ಕೊಟ್ಟೇ ಬಂದಳು. ಒಳಗಿನಿಂದ ಬರಲು ಏನೂ ಉಳಿದಿರಲಿಲ್ಲ, ಬರೀ ಹಸಿರು ನೀರು. ಅಲ್ಲಿ ತಲುಪಿದಾಗ ಡಾಕ್ಟರಮ್ಮ ಹೊರಡಲು ಚಪ್ಪಲಿ ಮೆಟ್ಟಿದ್ದರು. ನಮ್ಮನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಬಿಳಿ ಕಣ ಏರಿತ್ತು. ಕೈಯ ನರ ಸಿಗದೆ ನಾಲ್ಕಾರು ಕಡೆ ಚುಚ್ಚಿದ ಮೇಲೆ ಇಂಜೆಕ್ಷನ್ ಹೋಯಿತು.

ವರ್ಷಗಳ ನಂತರ ನಾನು ಆ ದಿನವನ್ನು ನೆನೆಸಿ, ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದ್ದುಂಟು. "ಎಲ್ಲಿ ಧೈರ್ಯರೀ. ಸಿಟ್ಟು. ಬಸ್ ತಿರುಗಿಸಿದ್ನಲ್ಲ, ಅವನ ಮ್ಯಾಲೆ ಬಂದಿತ್ತು," ಎಂದಳು. ಈ ಬರಹದಲ್ಲಿ ಎರಡು ಕಡೆ ಧೈರ್ಯ ಎಂದು ಬರೆದಿದ್ದೆ. ಎರಡನ್ನೂ ಹೊಡೆದುಹಾಕಿದ್ದಾಳೆ.

ಹೀಗೆ ತಡೆತಡೆದು ಆರನೆಯ ಸುತ್ತು ಧನುರ್ಮಾಸಕ್ಕೆ ಬಂತು. ಹತ್ತಿಯ ಸುಗ್ಗಿ, ಗಿರಣಿಗಳು ಹಗಲಿರುಳು ಓಡುತ್ತಿದ್ದವು, ಓಣಿಯೆಲ್ಲ ಅದೇ ವಾಸನೆ. ಆಕೆ ನಿಂಬೆಹಣ್ಣು ಬಿಟ್ಟಿದ್ದಳು. ಮೂಗಿಗೂ ಸುಸ್ತಾಗಿರಬೇಕು. ಕೊನೆಯ ಮಾತ್ರೆಗಳ ನಡುವೆ ಮುಕ್ಕೋಟಿ ಏಕಾದಶಿ ಬಿತ್ತು. ವರ್ಷದ ದೊಡ್ಡ ಏಕಾದಶಿ. ಬೆಳಗಿನ ಜಾವದಿಂದ ಊರೆಲ್ಲ ದೇವಸ್ಥಾನಕ್ಕೆ ನಡೆಯುತ್ತದೆ. ಮಠದ ಓಣಿಯೇ ದಾರಿ. ಉಳಿದ ಏ‌ಕಾದಶಿಗಳಲ್ಲಿ ಆಕೆ ನೀರು ಕುಡಿದದ್ದು ಮನೆಯೊಳಗೆ. ಅವತ್ತು ಚಳಿಯಲ್ಲಿ ಎದ್ದು, ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಮಾತ್ರೆಯ ಡಬ್ಬಿ ಮತ್ತು ದೊಡ್ಡ ಚೊಂಬಿನ ತುಂಬ ನೀರು ತಗೊಂಡು ಕಟ್ಟೆಯ ಮೇಲೆ ಹೋಗಿ ಕೂತಳು.

ಒಳಗೇ ಕುಡಿದರಾಗದೇನು ಎಂದೆ. "ಕದ್ದು ಕುಡೀಲಿಕ್ಕೆ ಇದೇನು ಕಳ್ಳು?" ಎಂದಳು.

ಜನ ಬರುತ್ತಿದ್ದರು, ಹೋಗುತ್ತಿದ್ದರು. ನೋಡಿದರು, ಮಾತು ನಿಲ್ಲಿಸಿದರು, ದಾಟಿದ ಮೇಲೆ ಶುರುಮಾಡಿದರು. ಆಕೆ ಮಾತ್ರೆ ನುಂಗಿ, ತಲೆ ಎತ್ತಿ, ಚೊಂಬಿನಿಂದ ನೀರು ಹೊಯ್ದುಕೊಂಡಳು. ಎಳೆಯ ಬಿಸಿಲು ಬೋಳು ತಲೆಯ ಮೇಲೆ ಬಿದ್ದಿತ್ತು.

ಆಗ ನಡುಮನೆಯಲ್ಲಿ ಅವ್ವನ ಹೆಜ್ಜೆ ಕೇಳಿತು. ಹೊಸ್ತಿಲವರೆಗೆ ಬಂದು ನಿಲ್ಲುತ್ತಾಳೆ ಎಂದುಕೊಂಡೆ. ಹೊಸ್ತಿಲು ದಾಟಿದಳು. ಕಟ್ಟೆಯ ಮೇಲೆ ರಮಾಳ ಪಕ್ಕದಲ್ಲಿ, ಸೀರೆ ತಾಕದಷ್ಟು ಜಾಗ ಬಿಟ್ಟು, ಕೂತಳು. ಕೂತು, ತಲೆಯ ಮೇಲಿನ ಕೆಂಪು ಸೆರಗನ್ನು ಹಿಂದಕ್ಕೆ ಸರಿಸಿ ಹೆಗಲಿಗೆ ಹಾಕಿಕೊಂಡಳು. ಅಪ್ಪ ಹೋದ ಮೇಲೆ ಹಗಲು ಬೆಳಕಿನಲ್ಲಿ ಓಣಿ ಆಕೆಯ ತಲೆಯನ್ನು ನೋಡಿದ್ದು ಅವತ್ತೇ. ರಮಾ ಕೈಯಲ್ಲಿ ಚೊಂಬು ಹಿಡಿದು ಹಾಗೇ ಇದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

ದೇವಸ್ಥಾನದಿಂದ ಗುಂಡಾಚಾರ್ರು ತೀರ್ಥದ ತಂಬಿಗೆ, ಉದ್ಧರಣೆ ಹಿಡಿದು ಬರುತ್ತಿದ್ದರು. ಪ್ರತಿ ಮುಕ್ಕೋಟಿಗೆ ಅವ್ವನಿಗೆ ತೀರ್ಥ ಕೊಟ್ಟು ಮನೆಗೆ ಹೋಗುವುದು ಅವರ ರೂಢಿ. ಒಳಗೆ ಬಂದು ಕೊಡುತ್ತಿದ್ದರು. ಎರಡು ತಲೆಗಳನ್ನು ನೋಡಿ ಮೆಟ್ಟಿಲ ಕೆಳಗೆ ನಿಂತರು. ನೋಟ ಚೊಂಬಿನ ಮೇಲೆ ಬಿತ್ತು.

"ಇವತ್ತೂ ನೀರೇನಮ್ಮಾ?" ಎಂದು ರಮಾಳನ್ನು ಕೇಳಿದರು. ಸಿಟ್ಟಿರಲಿಲ್ಲ ಅದರಲ್ಲಿ, ಬೇಜಾರಿತ್ತು.

ಉತ್ತರ ಕೊಟ್ಟದ್ದು ಅವ್ವ. "ಇವನಪ್ಪ ಹೋದಾಗಿಂದ ನಾ ಒಂದೂ ಬಿಟ್ಟಿಲ್ಲ, ಗುಂಡಣ್ಣಾ. ಒಬ್ಬಾಕಿಗೆ ಅಷ್ಟು ಏಕಾದಶಿ ಯಾಕ ಬೇಕು? ಆಕಿ ಪಾಲಿಂದೂ ಅದರಾಗ ಅದ. ತೀರ್ಥ ಹಾಕು."

ಗುಂಡಾಚಾರ್ರನ್ನು ಗುಂಡಣ್ಣ ಎಂದು ಕರೆಯಬಲ್ಲವರು ಓಣಿಯಲ್ಲಿ ಆಕೆಯೊಬ್ಬಳೇ ಉಳಿದಿದ್ದಳು. ಅವರು ಮೆಟ್ಟಿಲು ಹತ್ತಿದರು. ಅವ್ವನ ಅಂಗೈಗೆ ಒಂದು ಉದ್ಧರಣೆ ಹಾಕಿದರು. ಆಕೆ ಕಣ್ಣಿಗೊತ್ತಿಕೊಂಡು ಕುಡಿದಳು. ಆಮೇಲೆ ಅವರು ಅಲ್ಲೇ ನಿಂತರು, ಕೈಯಲ್ಲಿ ಉದ್ಧರಣೆ. ರಮಾ ಬಲಗೈ ಚಾಚಿದಳು. ಕರ್ನೂಲಿನಲ್ಲಿ ತೋರಿಸಿದ ಅದೇ ಕುಳಿ. ಸೂಜಿ ಚುಚ್ಚಿ ಚುಚ್ಚಿ ಕೈಯ ನರಗಳೆಲ್ಲ ಕಪ್ಪಾಗಿದ್ದವು. ಅವರು ಆ ಕೈಯನ್ನು ನೋಡಿ, ತಂಬಿಗೆಯಲ್ಲಿ ಉದ್ಧರಣೆ ಅದ್ದಿ, ಹಾಕಿದರು.

ರಮಾ ತೀರ್ಥ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡಳು.

"ಇದು ದೇವರ ಪಾಲು ಆತು, ಆಚಾರ್ರ," ಎಂದಳು. ಚೊಂಬು ಎತ್ತಿ, ಓಣಿಯೆಲ್ಲ ನೋಡುತ್ತಿರುವಂತೆ, ಉಳಿದ ನೀರನ್ನು ಕಡೆಯ ಹನಿಯವರೆಗೆ ಕುಡಿದಳು. ಅವ್ವ ಖಾಲಿ ಚೊಂಬನ್ನು ಆಕೆಯ ಕೈಯಿಂದ ತಗೊಂಡು, ಮತ್ತೆ ತುಂಬಿಸಿಕೊಂಡು ಬರಲು ಒಳಗೆ ಹೋದಳು.